ಮಳೆ ಬಂದರೂ ಮರ ಯಾಕೆ ಒಣಗುತ್ತದೆ? ಓಕ್ ಕಾಡಿನಿಂದ ಚಿಂಚೋಳಿ ಕಾಡಿನವರೆಗೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ಹತ್ತಿರದ ಒಂದು ಹೊಲದ ಬದುವಿನ ಮೇಲೆ ಹಳೇ ಹುಣಸೆ ಮರ ಇದೆ. ಅರ್ಧ ಹಸಿರು, ಇನ್ನರ್ಧ ಬರೀ ಕಟ್ಟಿಗೆ. ಹೊಲದ ಯಜಮಾನರು ನನ್ನನ್ನು ಕೇಳಿದರು: "ಹೋದ ವರ್ಷ ಮಳಿ ಭಾಳ ಆಗ್ಯಾದ. ಬಾವ್ಯಾಗ ನೀರೂ ಅವ. ಮತ್ತ ಈ ಗಿಡ ಯಾಕ ಒಣಗ್ಯಾದ?" ನಮ್ಮ ಕಡೆ ಮರ ಎಷ್ಟೇ ದೊಡ್ಡದಾದರೂ ಅದು ಗಿಡವೇ.

ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದಾಗ ಉತ್ತರ ಸಿಕ್ಕಿದ್ದು ಬಹಳ ದೂರದ ಕಾಡುಗಳಲ್ಲಿ. ಸ್ಪೇನ್, ಪೋರ್ಚುಗಲ್, ಕ್ಯಾಲಿಫೋರ್ನಿಯಾ, ನಮ್ಮದೇ ಉತ್ತರಾಖಂಡ. ಅಲ್ಲೆಲ್ಲ ಜನರಿಗೆ ಓಕ್ ಮರಗಳ ಬಗ್ಗೆ ಇದೇ ಚಿಂತೆ. ಓಕ್ ಮೇಲೆ ವಿಜ್ಞಾನಿಗಳು ಬಹಳ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಹಾಗಾಗಿ ಒಣ ಹವೆ ಒಂದು ಮರವನ್ನು ಒಳಗಿನಿಂದ ಹೇಗೆ ಮುರಿಯುತ್ತದೆ ಅನ್ನುವುದನ್ನು ಅರ್ಥ ಮಾಡಿಕೊಳ್ಳಲು ಓಕ್ ಒಳ್ಳೆಯ ದಾರಿ.

ಓಕ್ ಅಂದರೆ ಯಾವ ಮರ?

ಓಕ್ ಒಂದೇ ಮರದ ಹೆಸರಲ್ಲ. ಅದೊಂದು ದೊಡ್ಡ ಬಳಗ. ಜಗತ್ತಿನಲ್ಲಿ 400ಕ್ಕೂ ಜಾಸ್ತಿ ಜಾತಿಯ ಓಕ್ ಮರಗಳಿವೆ. ದಕ್ಷಿಣ ಭಾರತದ ಕಾಡುಗಳಲ್ಲಿ ಅದು ತಾನಾಗಿ ಬೆಳೆಯುವುದಿಲ್ಲ, ಆದ್ದರಿಂದ ನಮಗೆ ಅದರ ಪರಿಚಯ ಕಡಿಮೆ. ಹಿಮಾಲಯದಲ್ಲಿ ಮತ್ತು ಈಶಾನ್ಯ ರಾಜ್ಯಗಳಲ್ಲಿ ಮಾತ್ರ ಸಾಕಷ್ಟಿದೆ. ಉತ್ತರಾಖಂಡದ ಜನ ಒಂದು ಜಾತಿಯ ಓಕ್‌ಗೆ ಬಾಂಜ್ ಅನ್ನುತ್ತಾರೆ. ಅದರ ಎಲೆ ದನಕ್ಕೆ ಮೇವು, ಕೊಂಬೆ ಒಲೆಗೆ ಸೌದೆ. ಅದರ ಕೆಳಗೆ ಬಿದ್ದ ಎಲೆಗೊಬ್ಬರದ ದಪ್ಪ ಪದರ ಮಳೆ ನೀರನ್ನು ಹೀರಿಕೊಂಡು ನಿಧಾನಕ್ಕೆ ಕೆಳಗೆ ಬಿಡುತ್ತದೆ. ಬಾಂಜ್ ಕಾಡು ಇದ್ದಲ್ಲಿ ಬುಗ್ಗೆಯ ನೀರು ಬತ್ತುವುದಿಲ್ಲ ಅನ್ನುವುದು ಆ ಬೆಟ್ಟದ ಹೆಣ್ಣುಮಕ್ಕಳಿಗೆ ತಲೆಮಾರುಗಳಿಂದ ಗೊತ್ತಿರುವ ಮಾತು.

ಬಾಟಲಿಯ ಬಾಯಿಗೆ ಹಾಕುವ ಕಾರ್ಕ್ ಬಿರಡೆ ನೋಡಿರುತ್ತೀರಿ. ಅದೂ ಒಂದು ಓಕ್ ಮರದ ತೊಗಟೆಯೇ. ಪೋರ್ಚುಗಲ್, ಸ್ಪೇನ್ ಕಡೆ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಮರ ಕಡಿಯದೆ ತೊಗಟೆ ಮಾತ್ರ ಸುಲಿದು ತೆಗೆಯುತ್ತಾರೆ.

ಬರ ಎರಡು ಥರ: ಮಣ್ಣಿನದು, ಗಾಳಿಯದು

ಬರ ಅಂದ ಕೂಡಲೇ ನಾವು ಮಳೆ ಲೆಕ್ಕ ಹಾಕುತ್ತೇವೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ವರ್ಷಕ್ಕೆ ಸುಮಾರು 700ರಿಂದ 900 ಮಿಲಿಮೀಟರ್ ಮಳೆ. ಅಷ್ಟು ಬಿದ್ದರೆ ವರ್ಷ ಚೆನ್ನಾಗಿತ್ತು ಅನ್ನುತ್ತೇವೆ. ಮಳೆ ಲೆಕ್ಕ ಮಣ್ಣಿನೊಳಗೆ ಎಷ್ಟು ಬಂತು ಅನ್ನುವುದನ್ನು ಹೇಳುತ್ತದೆ. ಗಾಳಿ ಎಷ್ಟು ಎಳೆದುಕೊಂಡು ಹೋಯಿತು ಅನ್ನುವುದು ಬೇರೆ ಲೆಕ್ಕ.

ಇದು ತಿಳಿಯಬೇಕಾದರೆ ಮನೆಯ ಕೂಲರ್ ನೋಡಿ. ಕಲಬುರಗಿಯಲ್ಲಿ ಕೂಲರ್ ಇಲ್ಲದೆ ಬೇಸಿಗೆ ಕಳೆಯುವುದು ಕಷ್ಟ. ಅದೇ ಕೂಲರ್ ಮಂಗಳೂರಿಗೆ ಒಯ್ದರೆ ಸುಮ್ನೆ ಫ್ಯಾನ್ ಇದ್ದ ಹಾಗೆ. ಯಾಕೆ? ಮಂಗಳೂರಿನ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದೆ, ಹೊಸ ನೀರಿಗೆ ಜಾಗ ಇಲ್ಲ. ನಮ್ಮ ಗಾಳಿ ಬಾಯಾರಿದ ಗಾಳಿ. ಹುಲ್ಲಿನ ಪ್ಯಾಡ್ ಮೇಲೆ ಬಿದ್ದ ನೀರನ್ನು ತಟ್ಟನೆ ಹೀರುತ್ತದೆ. ಮಾರ್ಚ್‌ನಲ್ಲಿ ಟ್ಯಾಂಕ್‌ನ ನೀರು ಇಡೀ ರಾತ್ರಿ ಬರುತ್ತದೆ. ಮೇ ತಿಂಗಳಲ್ಲಿ ನಡುರಾತ್ರಿ ಎದ್ದು ಮತ್ತೆ ತುಂಬಬೇಕು, ಅಲ್ವಾ?

ಇದಕ್ಕೆ ಲೆಕ್ಕವೂ ಇದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಹೆಚ್ಚೆಂದರೆ ಸುಮಾರು 860 ಗ್ರಾಂ ನೀರಾವಿ ಹಿಡಿಯುತ್ತದೆ. 40 ಡಿಗ್ರಿ ಆದರೆ ಅದೇ ಕೋಣೆ 1,400 ಗ್ರಾಂಗೂ ಜಾಸ್ತಿ ಹಿಡಿಯುತ್ತದೆ. ಒಂದೊಂದು ಡಿಗ್ರಿ ಏರಿದಾಗಲೂ ಗಾಳಿಯ ಚೀಲ ಸುಮಾರು 6ರಿಂದ 7 ಶೇಕಡಾ ದೊಡ್ಡದಾಗುತ್ತದೆ. ಚೀಲ ದೊಡ್ಡದಾಗಿ ಒಳಗಿನ ನೀರು ಅಷ್ಟೇ ಇದ್ದರೆ, ಖಾಲಿ ಜಾಗ ಹೆಚ್ಚುತ್ತದೆ. ಆ ಖಾಲಿ ಜಾಗಕ್ಕೆ ವಿಜ್ಞಾನಿಗಳು ಆವಿ ಒತ್ತಡದ ಕೊರತೆ ಅನ್ನುತ್ತಾರೆ. ನಾನು ಇಲ್ಲಿ ಗಾಳಿಯ ದಾಹ ಅನ್ನುತ್ತೇನೆ.

ಈಗ ಹವಾಮಾನದ ಮಾತು. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಮಳೆಗಾಲದ ನಡುವೆ ಮಳೆ ಇಲ್ಲದ ಒಣ ದಿನಗಳ ಅವಧಿಗಳು 1951–1980ಕ್ಕೆ ಹೋಲಿಸಿದರೆ 1981–2011ರಲ್ಲಿ ಶೇಕಡಾ 27ರಷ್ಟು ಹೆಚ್ಚು ಬಂದಿವೆ. ಬಿದ್ದಾಗ ಮಾತ್ರ ಜೋರು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಊರೊಳಗೆ ನುಗ್ಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಮೂರೇ ವರ್ಷಕ್ಕೆ, 2023ರಲ್ಲಿ, ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತ ಪಟ್ಟಿಗೆ ಸೇರಿದವು. ಒಂದೇ ದಿನ ಸುರಿದ ಮಳೆ ಹಳ್ಳ ಹಿಡಿದು ಹೋಗುತ್ತದೆ. ಕುಂಡದ ತುಳಸಿಗೆ ತಿಂಗಳ ನೀರನ್ನು ಒಂದೇ ಸಲ ಸುರಿದರೆ ಏನಾಗುತ್ತದೋ ಅದೇ. ವರ್ಷದ ಒಟ್ಟು ಮಾತ್ರ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ.

ಎಲೆಯ ಬಾಯಿ ತೆರೆದರೆ ನೀರು ಹೋಗುತ್ತದೆ, ಮುಚ್ಚಿದರೆ ಹಸಿವು

ಎಲೆಯ ತುಂಬ ಕಣ್ಣಿಗೆ ಕಾಣದ ಸಣ್ಣ ತೂತುಗಳಿವೆ. ಹೆಸರು ಪತ್ರರಂಧ್ರ. ಇವುಗಳ ಮೂಲಕ ಎಲೆ ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಒಳಗೆ ಎಳೆದುಕೊಂಡು, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಅದೇ ಮರದ ಊಟ. ಆದರೆ ತೂತು ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಂದು ಕಣ ಇಂಗಾಲದ ಡೈ ಆಕ್ಸೈಡ್ ಗಳಿಸಲು ಮರ ನೂರಾರು ಕಣ ನೀರು ಕಳೆದುಕೊಳ್ಳುತ್ತದೆ. ಬಹಳ ದುಬಾರಿ ವ್ಯಾಪಾರ. ಆದರೂ ಬೇರೆ ದಾರಿ ಇಲ್ಲ.

ಗಾಳಿಯ ದಾಹ ಹೆಚ್ಚಿದಾಗ ಮರ ಈ ತೂತುಗಳನ್ನು ಮುಚ್ಚುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಲಬುರಗಿ ಪೇಟೆಯ ಸಣ್ಣ ಅಂಗಡಿಗಳು ಷಟರ್ ಇಳಿಸುವ ಹಾಗೆ. ಎರಡು ತಾಸು ಆದರೆ ತೊಂದರೆ ಇಲ್ಲ. ವಾರಗಟ್ಟಲೆ ಷಟರ್ ಇಳಿಸಿಯೇ ಇದ್ದರೆ? ಗಳಿಕೆ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಬೇರು, ಕಾಂಡ, ಮೊಗ್ಗು ಎಲ್ಲವೂ ಉಸಿರಾಡುತ್ತಲೇ ಇರುತ್ತವೆ, ಕೂಡಿಟ್ಟ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಇದರ ಜೊತೆಗೆ ಇನ್ನೊಂದು ಪೆಟ್ಟು: ನೀರು ಆವಿಯಾಗುವಾಗ ಎಲೆ ತಂಪಾಗುತ್ತಿತ್ತು, ಈಗ ಅದೂ ಇಲ್ಲ. ಕೂಲರ್ ಬಂದ್ ಮಾಡಿದ ಮನೆಯ ಹಾಗೆ ಎಲೆ ಬಿಸಿಯಾಗುತ್ತದೆ.

ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿದೆಯಲ್ಲ, ಮರಕ್ಕೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅನಿಲ ಜಾಸ್ತಿ ಇದ್ದರೆ ತೂತು ಸ್ವಲ್ಪವೇ ತೆರೆದರೂ ಊಟ ಸಿಗುತ್ತದೆ, ನೀರು ಉಳಿಯುತ್ತದೆ. ಆದರೆ ಅದೇ ಅನಿಲ ಬಿಸಿಯನ್ನೂ ತರುತ್ತದೆ. ಬಿಸಿ ಏರಿದಷ್ಟೂ ಗಾಳಿಯ ದಾಹ ಏರುತ್ತದೆ. ಒಂದು ಕೈಯಿಂದ ಉಳಿಸಿದ ನೀರು ಇನ್ನೊಂದು ಕೈಯಿಂದ ಹೋಗುತ್ತದೆ.

ಮರದೊಳಗಿನ ಪೈಪು

ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಈ ಭಾಗ. ಮರದಲ್ಲಿ ಮೋಟರ್ ಇಲ್ಲ. ಆದರೂ ಒಂದು ದೊಡ್ಡ ಓಕ್ ದಿನಕ್ಕೆ ನೂರಾರು ಲೀಟರ್ ನೀರನ್ನು ಮೇಲಕ್ಕೆ ಒಯ್ಯಬಲ್ಲದು. ಹೇಗೆ?

ಕಬ್ಬಿನ ಹಾಲನ್ನು ಸ್ಟ್ರಾ ಹಾಕಿ ಕುಡಿಯುವುದನ್ನು ನೆನಪಿಸಿಕೊಳ್ಳಿ. ಮೇಲಿನಿಂದ ಎಳೆದರೆ ಕೆಳಗಿನಿಂದ ಬರುತ್ತದೆ. ಮರದಲ್ಲಿ ಎಳೆಯುವುದು ಗಾಳಿಯ ದಾಹ. ಎಲೆಯಿಂದ ನೀರು ಆವಿಯಾದ ಹಾಗೆ, ಅದರ ಹಿಂದಿನ ನೀರು ಮುಂದಕ್ಕೆ ಬರುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬೇರಿನ ತುದಿಯಿಂದ ಎಲೆಯ ತುದಿಯವರೆಗೆ ಒಂದೇ ಹಗ್ಗದ ಹಾಗೆ ನೀರು ನಿಂತಿರುತ್ತದೆ.

ಈಗ ಎರಡೂ ಕಡೆ ಜಗ್ಗಾಟ ಶುರುವಾಗುತ್ತದೆ. ಮೇಲೆ ಬಾಯಾರಿದ ಗಾಳಿ ಎಳೆಯುತ್ತದೆ. ಕೆಳಗೆ ಒಣಗಿದ ಮಣ್ಣು ಬಿಡುವುದಿಲ್ಲ. ಹಗ್ಗ ಬಿಗಿಯಾಗುತ್ತಾ ಹೋಗಿ ಒಂದು ಕ್ಷಣ ತುಂಡಾಗುತ್ತದೆ. ತುಂಡಾದ ಜಾಗದಲ್ಲಿ ಗಾಳಿಗುಳ್ಳೆ ಕೂರುತ್ತದೆ. ಸ್ಟ್ರಾದಲ್ಲಿ ತೂತು ಬಿದ್ದರೆ ಎಷ್ಟು ಎಳೆದರೂ ಹಾಲು ಬರುವುದಿಲ್ಲವಲ್ಲ, ಹಾಗೆ ಆ ಕೊಳವೆ ಕೆಲಸಕ್ಕೆ ಬಾರದಾಗುತ್ತದೆ. ಒಂದೆರಡು ಕೊಳವೆ ಹೋದರೆ ಮರ ತಡೆದುಕೊಳ್ಳುತ್ತದೆ. ಒಂದು ಕೊಂಬೆಯ ಬಹುಪಾಲು ಕೊಳವೆಗಳು ಹೋದರೆ ಆ ಕೊಂಬೆ ಒಣಗುತ್ತದೆ. ಮರ ಒಮ್ಮೆಲೇ ಸಾಯದೆ ತುದಿಯಿಂದ, ಅರ್ಧರ್ಧವಾಗಿ ಒಣಗುವುದಕ್ಕೆ ಇದೊಂದು ಮುಖ್ಯ ಕಾರಣ.

ಚಳಿ ದೇಶದ ಓಕ್‌ನ ಕೊಳವೆಗಳು ಮರಗಳ ಲೋಕದಲ್ಲೇ ಬಹಳ ಅಗಲ. ಕಡಿದ ತುಂಡನ್ನು ನೋಡಿದರೆ ವರ್ಷದ ಉಂಗುರದ ಶುರುವಿನಲ್ಲಿ ಸೂಜಿಯಿಂದ ಚುಚ್ಚಿದಂತೆ ಸಾಲು ತೂತುಗಳು ಬರಿಗಣ್ಣಿಗೇ ಕಾಣುತ್ತವೆ. ನಮ್ಮ ತೇಗವೂ ಇದೇ ಥರ. ಮನೆಯಲ್ಲಿ ಹಳೇ ಸಾಗವಾನಿ ಬಾಗಿಲು ಇದ್ದರೆ ಅದರ ತುದಿಯ ಅಡ್ಡ ಕಡಿತ ನೋಡಿ, ಆ ಸಾಲು ಸಿಗುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೇಗದ ಈ ಉಂಗುರಗಳನ್ನು ಓದಿ ಹಿಂದಿನ ಮಳೆಗಾಲಗಳನ್ನು ಲೆಕ್ಕ ಹಾಕಿದ್ದಾರೆ.

ಕೊಳವೆಯ ಅಗಲ ಎರಡು ಪಟ್ಟು ಆದರೆ ಹರಿಯುವ ನೀರು 16 ಪಟ್ಟು ಆಗುತ್ತದೆ. ನೀರು ಇದ್ದಾಗ ಇದು ಭಾರಿ ಲಾಭ. ಒಣ ಕಾಲದಲ್ಲಿ, ಸಾಮಾನ್ಯವಾಗಿ, ಅಗಲದ ಕೊಳವೆಯೇ ಮೊದಲು ತುಂಡಾಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಜಗತ್ತಿನ 81 ಜಾಗಗಳ 226 ಜಾತಿಯ ಮರಗಳನ್ನು ನೋಡಿತು. ಸುಮಾರು ಶೇಕಡಾ 70ರಷ್ಟು ಜಾತಿಗಳು ಅಪಾಯದ ಗೆರೆಗೆ ಬಹಳ ಹತ್ತಿರದಲ್ಲೇ ಬದುಕುತ್ತಿವೆ ಎಂದು ಗೊತ್ತಾಯಿತು. ಮಳೆ ಹೆಚ್ಚು ಬೀಳುವ ಕಾಡಿನ ಮರಗಳೂ ಅದರಲ್ಲಿದ್ದವು. ಪ್ರತಿ ಮರವೂ ತನ್ನ ಊರಿನ ಹವೆಗೆ ತಕ್ಕಷ್ಟೇ ಪೈಪು ಹಾಕಿಕೊಂಡಿದೆ. ಹವೆ ಬದಲಾದರೆ ಕೈಯಲ್ಲಿ ಉಳಿತಾಯ ಕಡಿಮೆ.

ಬರ ಒಂದು ವರ್ಷ, ಸಾವು ಇನ್ನೊಂದು ವರ್ಷ

ಹುಣಸೆ ಮರದ ಯಜಮಾನರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಚಳಿ ದೇಶದ ಓಕ್ ಪ್ರತಿ ವರ್ಷ ಹೊಸ ಪೈಪ್‌ಲೈನ್ ಹಾಕುತ್ತದೆ. ಅದರ ಅಗಲದ ಕೊಳವೆಗಳು ಹೆಚ್ಚಾಗಿ ಒಂದೇ ವರ್ಷ ಬಾಳುತ್ತವೆ. ಚಳಿಗಾಲ ಮುಗಿದ ಮೇಲೆ, ಎಲೆ ಪೂರ್ತಿ ಬರುವ ಮೊದಲೇ ಮರ ಹೊಸ ಕೊಳವೆ ಕಟ್ಟಬೇಕು. ಎಲೆ ಇಲ್ಲ ಅಂದರೆ ಗಳಿಕೆ ಇಲ್ಲ. ಹಾಗಾದರೆ ಕಟ್ಟಲು ಬಂಡವಾಳ ಎಲ್ಲಿಂದ? ಹಿಂದಿನ ವರ್ಷ ಕೂಡಿಟ್ಟ ಸಕ್ಕರೆಯಿಂದ. ಹಿಂದಿನ ವರ್ಷ ಬರ ಬಂದು ಷಟರ್ ಇಳಿಸಿ ಕೂತಿದ್ದರೆ ಗಂಟಿನಲ್ಲಿ ಏನೂ ಇರುವುದಿಲ್ಲ. ಈ ವರ್ಷ ಮಳೆ ಎಷ್ಟೇ ಬರಲಿ, ಅದನ್ನು ಮೇಲಕ್ಕೆ ಒಯ್ಯುವ ಪೈಪು ಸಣ್ಣದು, ಕಡಿಮೆ.

ನಮ್ಮ ರೈತರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಹೋದ ಸಲದ ಬೆಳೆ ಕೈಕೊಟ್ಟು ಸಾಲ ಆದಾಗ, ಈ ಸಲ ಮಳೆ ಚೆನ್ನಾಗಿದ್ದರೂ ಬೀಜ, ಗೊಬ್ಬರಕ್ಕೆ ದುಡ್ಡು ಇರುವುದಿಲ್ಲ.

ಜಗತ್ತಿನ ಬೇರೆ ಬೇರೆ ಕಾಡುಗಳ ಮರದ ಉಂಗುರಗಳನ್ನು ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ದೊಡ್ಡ ಬರದ ನಂತರ ಒಂದರಿಂದ ನಾಲ್ಕು ವರ್ಷದವರೆಗೆ ಮರಗಳ ಬೆಳವಣಿಗೆ ಹಳೇ ಮಟ್ಟಕ್ಕೆ ಬರುವುದಿಲ್ಲ. 2018ರಲ್ಲಿ ಮಧ್ಯ ಯುರೋಪಿನಲ್ಲಿ ಕಠಿಣ ಬರ ಬಂತು. ಕಾಡಿನ ಮರಗಳ ಸಾವು 2019, 2020ರಲ್ಲೂ ನಡೆದೇ ಇತ್ತು. ಮಧ್ಯದಲ್ಲಿ ಇನ್ನೊಂದು ಬರ ಬಂದರೆ ಚೇತರಿಕೆಗೆ ಸಮಯವೇ ಸಿಗುವುದಿಲ್ಲ. ಒಂದು ಭಾರಿ ಬರಕ್ಕಿಂತ ಒಂದರ ಬೆನ್ನಿಗೆ ಇನ್ನೊಂದು ಬರುವ ಸಣ್ಣ ಬರಗಳು ಕೆಲವು ಮರಗಳಿಗೆ ಜಾಸ್ತಿ ಕಷ್ಟ ಕೊಡುತ್ತವೆ.

ನೆಟೆ ರೋಗ ನೋಡಿದವರಿಗೆ ಇದು ಗೊತ್ತು

ಬಲ ಕುಂದಿದ ಮರಕ್ಕೆ ಹುಳ, ಬೂಸಲು ಬೇಗ ತಗಲುತ್ತವೆ. ಗಟ್ಟಿ ಮರ ಅಂಟು ಸುರಿಸಿ, ಕಹಿ ರಸ ಮಾಡಿ ತೊಗಟೆ ಕೊರೆಯುವ ಹುಳವನ್ನು ಓಡಿಸುತ್ತದೆ. ಅಂಟು ಮಾಡಲೂ ಸಕ್ಕರೆ ಬೇಕು, ನೀರು ಬೇಕು. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ 2016ರವರೆಗಿನ ಬರದಲ್ಲಿ 10 ಕೋಟಿಗೂ ಹೆಚ್ಚು ಮರಗಳು ಸತ್ತವು. ಬಹುಪಾಲು ಪೈನ್ ಜಾತಿಯವು. ಬಾಯಾರಿಕೆ ಅವುಗಳನ್ನು ಕುಗ್ಗಿಸಿತು, ತೊಗಟೆ ಹುಳ ಮುಗಿಸಿತು.

ಸ್ಪೇನ್, ಪೋರ್ಚುಗಲ್‌ನ ಓಕ್‌ಗಳ ಕಥೆ ಕಲಬುರಗಿಯ ತೊಗರಿ ಹೊಲಕ್ಕೆ ಇನ್ನೂ ಹತ್ತಿರ. ತೊಗರಿಗೆ ನೆಟೆ ರೋಗ ಬಂದಾಗ ಮಣ್ಣಿನ ಬೂಸಲು ಬೇರಿನಿಂದ ಮೇಲೇರಿ, ಗಿಡದ ನೀರಿನ ಕೊಳವೆಗಳನ್ನು ಕಟ್ಟಿಹಾಕುತ್ತದೆ. ಹೊಲದಲ್ಲಿ ಹಸಿ ಇದ್ದರೂ ಗಿಡ ಬಾಡಿ ನಿಲ್ಲುತ್ತದೆ. ಸ್ಪೇನ್‌ನಲ್ಲಿ ಫೈಟಾಪ್ತೊರಾ ಅನ್ನುವ, ಬೂಸಲಿನಂಥ ಒಂದು ಜೀವಿ ಓಕ್‌ನ ಎಳೆ ಬೇರುಗಳನ್ನು ಕೊಳೆಸುತ್ತದೆ. ನೀರು ಹೀರುವುದು ಆ ಎಳೆ ಬೇರುಗಳೇ. ಅವು ಹೋದ ಮೇಲೆ ಬೇಸಿಗೆಯ ದಾಹ ಬಂದರೆ ಮರ ತಡೆಯುವುದಿಲ್ಲ. ಅಲ್ಲಿನ ಜನ ಈ ಸಾವಿಗೆ 'ಸೇಕಾ' ಅನ್ನುತ್ತಾರೆ. ಒಣಗು ಅಂತಲೇ ಅದರ ಅರ್ಥ.

ಹಾಗಂತ ಒಣಗಿದ ಮರಕ್ಕೆಲ್ಲ ಹವೆಯೇ ಕಾರಣ ಅನ್ನಬಾರದು. ಕೆಲವು ವರ್ಷಗಳ ಹಿಂದೆ ಪಕ್ಕದ ತೆಲಂಗಾಣದಲ್ಲಿ ಸಾಲುಸಾಲು ಬೇವಿನ ಮರಗಳ ತುದಿ ಸುಟ್ಟ ಹಾಗೆ ಒಣಗಿದವು. ಅಲ್ಲಿ ಮುಖ್ಯ ಕಾರಣ ಒಂದು ಬೂಸಲು ರೋಗ. ಬೇವು ಗಟ್ಟಿ ಜೀವ, ಬಹಳಷ್ಟು ಮರಗಳು ಮತ್ತೆ ಚಿಗುರಿದವು.

ದೊಡ್ಡ ಮರ ನಿಂತಿದೆ, ಸಸಿ ಎಲ್ಲಿದೆ?

ಕಾಡು ಒಣಗುವುದು ಅಂದರೆ ಸತ್ತು ನಿಂತ ಮರಗಳ ಚಿತ್ರ ಕಣ್ಣ ಮುಂದೆ ಬರುತ್ತದೆ. ನನಗೆ ಅದಕ್ಕಿಂತ ಹೆಚ್ಚು ಹೆದರಿಕೆ ಆಗುವುದು ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯಿಂದ.

ಕ್ಯಾಲಿಫೋರ್ನಿಯಾದ ಬ್ಲೂ ಓಕ್ ಬೇರು 20 ಮೀಟರ್‌ಗಿಂತ ಆಳಕ್ಕೆ ಹೋದದ್ದು ದಾಖಲಾಗಿದೆ. ಅದು ಬೋರ್‌ವೆಲ್ ಇದ್ದ ಮರ. ಕಠಿಣ ಬೇಸಿಗೆಯಲ್ಲಿ ಎಲೆಯನ್ನು ಬೇಗ ಉದುರಿಸಿ, ಇದ್ದ ನೀರಿನಲ್ಲಿ ಬದುಕುತ್ತದೆ. ಅದೇ ಮರದ ಕೆಳಗೆ ಹುಟ್ಟಿದ ಸಸಿಯ ಬೇರು ಒಂದು ಗೇಣು. ಮೇಲಿನ ಗೇಣು ಮಣ್ಣೇ ಎಲ್ಲಕ್ಕಿಂತ ಮೊದಲು ಒಣಗುವುದು.

ಬೀಜದ ಕಥೆ ಇನ್ನೂ ನಾಜೂಕು. ತೊಗರಿ ಬೀಜವನ್ನು ಒಣಗಿಸಿ ಬೂದಿ ಹಚ್ಚಿ ಇಟ್ಟರೆ ಮುಂದಿನ ವರ್ಷವೂ ಮೊಳೆಯುತ್ತದೆ. ಓಕ್ ಕಾಯಿ ಹಾಗಲ್ಲ. ಅದು ಹಸಿಯಾಗಿದ್ದರೆ ಮಾತ್ರ ಜೀವ. ಒಣಗಿತೆಂದರೆ ಸತ್ತಿತು. ಹಿಮಾಲಯದ ಎತ್ತರದಲ್ಲಿ ಬೆಳೆಯುವ ಖರ್ಸು ಓಕ್‌ನ ಕಾಯಿ ಮಳೆಗಾಲದಲ್ಲೇ ಹಣ್ಣಾಗಿ ಬೀಳುತ್ತದೆ, ಬಿದ್ದ ಕೂಡಲೇ ಮೊಳೆಯಬೇಕು. ಮಳೆ ಮತ್ತು ಕಾಯಿಯ ಹೊತ್ತು ತಪ್ಪಿದರೆ ಆ ವರ್ಷದ ಸಸಿಗಳೆಲ್ಲ ಹೋದವು. ಬಾಂಜ್ ಓಕ್ ಹಿಂದೆ ಸರಿದ ಜಾಗಕ್ಕೆ ಒಣ ನೆಲವನ್ನೂ ಬೆಂಕಿಯನ್ನೂ ತಾಳಿಕೊಳ್ಳುವ ಚೀಡ್ ಪೈನ್ ಬರುತ್ತದೆ. ಅದರ ಸೂಜಿ ಎಲೆ ಬೇಸಿಗೆಯಲ್ಲಿ ಬೇಗ ಹೊತ್ತಿಕೊಳ್ಳುತ್ತದೆ. ದೂರದಿಂದ ನೋಡಿದರೆ ಬೆಟ್ಟ ಹಸಿರೇ. ಆದರೆ ಮೇವು ಇಲ್ಲ, ಎಲೆಗೊಬ್ಬರದ ಆ ದಪ್ಪ ಹಾಸೂ ಇಲ್ಲ.

ನಮ್ಮ ಕಾಡು ಇಷ್ಟು ದಿನ ಹೇಗೆ ಬದುಕಿತು?

ಚಿಂಚೋಳಿ ವನ್ಯಜೀವಿ ಧಾಮ ಸುಮಾರು 135 ಚದರ ಕಿಲೋಮೀಟರ್. 2011ರಲ್ಲಿ ಘೋಷಣೆ ಆಯಿತು. ದಕ್ಷಿಣ ಭಾರತದಲ್ಲಿ ಒಣಭೂಮಿಯ ಮೊದಲ ವನ್ಯಜೀವಿ ಧಾಮ ಇದೇ. ಚಂದ್ರಂಪಳ್ಳಿ ಜಲಾಶಯದ ಸುತ್ತ ತೇಗ, ರಕ್ತಚಂದನ, ಶ್ರೀಗಂಧ ಎಲ್ಲ ಇವೆ. ಮಾರ್ಚ್‌ನಲ್ಲಿ ಹೋದವರಿಗೆ ಕಾಡು ಸತ್ತ ಹಾಗೆ ಕಾಣುತ್ತದೆ. ಸತ್ತಿರುವುದಿಲ್ಲ. ಎಲೆ ಉದುರಿಸುವುದೇ ಈ ಮರಗಳ ಜಾಣತನ. ಎಲೆ ಇಲ್ಲದಿದ್ದರೆ ಗಾಳಿ ಎಳೆಯುವುದು ಯಾವುದನ್ನು? ಮುತ್ತುಗ ಬರಿಗೊಂಬೆಯ ಮೇಲೆ ಕೆಂಡದಂಥ ಹೂ ಬಿಟ್ಟು ನಿಲ್ಲುತ್ತದೆ, ಎಲೆಗೆ ಆಮೇಲೆ ಸಮಯ.

ಹಾಗಾಗಿ 42 ಡಿಗ್ರಿ ಬಿಸಿಲು ನಮ್ಮ ಮರಗಳಿಗೆ ಹೊಸದಲ್ಲ. ಹೊಸದಾಗಿ ತೊಂದರೆ ಕೊಡುವುದು ಅವಧಿ. ಮುಂಗಾರು ತಡವಾದರೆ ಷಟರ್ ಇಳಿಸಿದ ದಿನಗಳು ಹೆಚ್ಚುತ್ತವೆ. ಮೊದಲ ಮಳೆಗೆ ಚಿಗುರೊಡೆದ ಮೇಲೆ ತಿಂಗಳು ಮಳೆ ಕೈಕೊಟ್ಟರೆ ಇನ್ನೂ ಕಷ್ಟ. ಗಂಟಿನ ಸಕ್ಕರೆ ಖರ್ಚು ಮಾಡಿ ತೆಗೆದ ಎಲೆ ಬಾಡಿ ಹೋಗುತ್ತದೆ, ಮತ್ತೆ ಎರಡನೇ ಸಲ ತೆಗೆಯಬೇಕು.

ನೆಲದ ಗುಣವನ್ನೂ ಮರೆಯಬಾರದು. ಕಲಬುರಗಿ, ಯಾದಗಿರಿಯ ಎರೆ ಭೂಮಿ ನೀರು ಬಹಳ ಹಿಡಿಯುತ್ತದೆ, ಆದರೆ ಬಿಡಲು ಜಿಪುಣ. ಕೈಗೆ ತೇವ ಅನಿಸಿದರೂ ಬೇರಿಗೆ ಸಿಗುವುದು ಕಡಿಮೆ. ಬೇಸಿಗೆಯಲ್ಲಿ ಅದು ಬಿರಿದಾಗ ಎಳೆ ಬೇರುಗಳೂ ಹರಿಯುತ್ತವೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ ಇದಕ್ಕೆ ತದ್ವಿರುದ್ಧ. ನೀರನ್ನು ಸರ್ರನೆ ಕೆಳಗೆ ಇಳಿಸುತ್ತದೆ. ಬಹಮನಿ ಕಾಲದಲ್ಲಿ ನೌಬಾದ್‌ನಲ್ಲಿ ನೆಲದಡಿ ಸುರಂಗ ತೋಡಿ ಆ ನೀರನ್ನು ಹಿಡಿದರು, ಅದೇ ಕಾರೇಜ್. ಮರಗಳು ಬೇರು ಇಳಿಸಿ ಅದನ್ನೇ ಮಾಡುತ್ತವೆ. ನೀರಿನ ಮಟ್ಟ ಬೇರಿಗಿಂತ ಕೆಳಗೆ ಹೋದರೆ ಮಾತ್ರ ಹಳೇ ಮರವೂ ಬತ್ತಿದ ಬಾವಿಯ ಹಗ್ಗದಂತೆ ಆಗುತ್ತದೆ.

ಮನೆ ಮುಂದಿನ ಮರ ಸತ್ತಿದೆಯಾ?

ಕಡಿಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರು, ಹಸಿ ಇದ್ದರೆ ಜೀವ ಇದೆ. ಕಂದು ಬಣ್ಣ, ಪುಡಿಪುಡಿ ಆದರೆ ಆ ಕೊಂಬೆ ಹೋಗಿದೆ. ತುದಿಯಿಂದ ಶುರು ಮಾಡಿ ಕಾಂಡದ ಕಡೆ ಬನ್ನಿ, ಹಸಿರು ಎಲ್ಲಿ ಸಿಗುತ್ತದೆ ನೋಡಿ.

ನೀರು ಹಾಕುವುದಾದರೆ ಬುಡಕ್ಕೆ ಸುರಿಯಬೇಡಿ. ನೀರು ಹೀರುವ ಎಳೆ ಬೇರುಗಳು ಹೆಚ್ಚಾಗಿ ನೆರಳಿನ ಅಂಚಿನ ಕಡೆ ಇರುತ್ತವೆ. ಅಲ್ಲಿ ಪಾತಿ ಮಾಡಿ, ದಿನಾ ಒಂದು ಚೊಂಬು ಹಾಕುವ ಬದಲು ಹತ್ತು ಹದಿನೈದು ದಿನಕ್ಕೊಮ್ಮೆ ನಿಧಾನಕ್ಕೆ, ಆಳಕ್ಕೆ ಇಳಿಯುವಷ್ಟು ಹಾಕಿ. ಬಿದ್ದ ಎಲೆಯನ್ನು ಗುಡಿಸಿ ಸುಡದೆ ಅಲ್ಲೇ ಹಾಸಿದರೆ ಮಣ್ಣಿನ ತೇವ ಉಳಿಯುತ್ತದೆ. ಬುಡದವರೆಗೂ ಸಿಮೆಂಟ್ ಹಾಕಿದ್ದರೆ ಒಂದೆರಡು ಅಡಿಯಾದರೂ ಒಡೆದು ಬಿಡಿಸಿ, ಅದು ನೀರಿಗೂ ಗಾಳಿಗೂ ದಾರಿ.

ಚಿಂಚೋಳಿಯ ಆ ಹುಣಸೆ ಮರವನ್ನು ಯಜಮಾನರ ಜೊತೆ ನಿಂತು ಕೆರೆದು ನೋಡಿದೆವು. ಮೇಲಿನ ಮೂರು ಕೊಂಬೆ ಪುಡಿಪುಡಿ. ಕಾಂಡಕ್ಕೆ ಹತ್ತಿರದ ಒಂದು ಕೊಂಬೆಯಲ್ಲಿ, ಒಣಗಿದ ತೊಗಟೆಯ ಕೆಳಗೆ, ತಿಳಿ ಹಸಿರು ಗೆರೆ ಸಿಕ್ಕಿತು. ಕಡಿಯಲು ತಂದಿದ್ದ ಕೊಡಲಿಯನ್ನು ಅವರು ಬದುವಿನ ಮೇಲೆ ಇಟ್ಟರು. ಮುಂದಿನ ಮಳೆಗಾಲ ಮುಗಿಯುವವರೆಗೆ ಮುಟ್ಟುವುದಿಲ್ಲ ಎಂದರು.